ಬಿಸಿನೀರಕ್ಕನ ಮಾತ್ರೆ

ನಮ್ಮ ಮನೆಯಲ್ಲಿ ಸಂಸಾರ ಎರಡು, ಬಾತ್‌ರೂಮು ಒಂದೇ. ಹೋದ ವರ್ಷವೆಲ್ಲ ಅದರ ಕಬ್ಬಿಣದ ಚಿಲಕದ ಸದ್ದು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಬೀದಿಯಲ್ಲಿ ಯಾರಾದರೂ ಪಾತ್ರೆ ಬೀಳಿಸಿದರೂ 'ಅಯ್ಯೋ, ಅಕ್ಕ ಮತ್ತೆ ಹೋದಳು' ಅನ್ನಿಸುತ್ತಿತ್ತು. ನಾನು ಹಾಸಿಗೆ ಬಿಟ್ಟು ಏಳುವ ಮೊದಲೇ ಒಂದು 'ಖಟ್', ಒಲೆ ಹಚ್ಚುವಾಗ ಇನ್ನೊಂದು 'ಖಟ್', ತಟ್ಟೆಯ ಮುಂದೆ ಕೂತು ಎರಡು ತುತ್ತು ತಿನ್ನುವಷ್ಟರಲ್ಲಿ ಮತ್ತೊಂದು. ಹೊರಗೆ ಬಂದವಳ ಮುಖ ನೋಡಿದರೆ ಕೇಳುವುದಕ್ಕೆ ಏನೂ ಉಳಿಯುತ್ತಿರಲಿಲ್ಲ. 'ಇವತ್ತೂ ರಕ್ತ' ಎಂದು ಹೇಳುವುದನ್ನೂ ಅವಳು ಬಿಟ್ಟಿದ್ದಳು.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ಹೊಸದರಲ್ಲಿ 'ನೀವು' ಎನ್ನುತ್ತಿದ್ದೆ. ಒಂದೇ ಬಾತ್‌ರೂಮಿನ ಮುಂದೆ ಬೆಳಗಾದರೆ ಸಾಲು ನಿಲ್ಲುವವರ ನಡುವೆ 'ನೀವು' ಎಷ್ಟು ದಿನ ಬಾಳೀತು? ನನ್ನ ಗಂಡ ಲಾರಿ ಓಡಿಸುವವನು, ಮನೆಗಿಂತ ದಾರಿಯಲ್ಲಿ ಇರುವುದೇ ಹೆಚ್ಚು. ನಾನು ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದೇನೆ. ಹಾಗಾಗಿ ಈ ಮನೆಯ ಸುಖ, ಸಂಕಟ, ವಾಸನೆ, ಒಗೆಯುವ ಬಟ್ಟೆ ಎಲ್ಲಕ್ಕೂ ಹಗಲು ಹೊತ್ತಿನ ಸಾಕ್ಷಿ ನಾನೊಬ್ಬಳೇ.

ಅಕ್ಕನ ಕೆಲಸ ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ. ಆಪರೇಷನ್ ಕೋಣೆಯಿಂದ ಬರುವ ಕತ್ತರಿ, ಚಿಮಟ, ಬಟ್ಟಲುಗಳನ್ನು ತೊಳೆದು, ಬಟ್ಟೆಯಲ್ಲಿ ಕಟ್ಟಿ, ದೊಡ್ಡ ಉಕ್ಕಿನ ಪೆಟ್ಟಿಗೆಗೆ ತಳ್ಳಿ, ಆವಿಯಲ್ಲಿ ಬೇಯಿಸಿ ಒಂದು ಕ್ರಿಮಿಯೂ ಬದುಕದಂತೆ ಮಾಡಿ ಕಳಿಸುವುದು. ಗಂಟಿನ ಮೇಲೆ ಒಂದು ಪಟ್ಟಿ ಅಂಟಿಸುತ್ತಾರಂತೆ, ಶಾಖ ಸರಿಯಾಗಿ ತಾಗಿದರೆ ಅದರ ಮೇಲೆ ಕಪ್ಪು ಗೆರೆ ಮೂಡುತ್ತದಂತೆ. ಗೆರೆ ಮೂಡದ ಗಂಟನ್ನು ಅಕ್ಕ ಎಂಥ ದೊಡ್ಡ ಡಾಕ್ಟರು ಬಂದು ಅವಸರ ಮಾಡಿದರೂ ಮುಟ್ಟಗೊಡುವವಳಲ್ಲ. ಅಲ್ಲಿಯವರೆಲ್ಲ ಅವಳನ್ನು ಬಿಸಿನೀರಕ್ಕ ಎಂದು ಕರೆಯುತ್ತಿದ್ದರು. ಮನೆಯಲ್ಲೂ ಅವಳು ಬಿಸಿನೀರಕ್ಕನೇ. ಚಮಚ ಕುದಿಯಬೇಕು, ಟವೆಲ್ ಕುದಿಯಬೇಕು, ಕುಡಿಯುವ ನೀರಂತೂ ಕುದಿದು ಕುದಿದು ರುಚಿ ಸತ್ತು ಹೋಗಬೇಕು. "ನಮ್ಮನ್ನೂ ಒಂದ್ಸಲ ಆ ಪೆಟ್ಟಿಗೇಲಿ ಕೂರಿಸಿಬಿಡು ಅಕ್ಕ, ನಿನಗೂ ನೆಮ್ಮದಿ" ಎಂದು ನಾನು ರೇಗಿಸುತ್ತಿದ್ದೆ. "ಬಾಯಿ ಮುಚ್ಚು, ಮೊದ್ಲು ನಿನ್ನ ಬಾಯಿನೇ ಕುದಿಸ್ಬೇಕು" ಎನ್ನುತ್ತಿದ್ದಳು.

ಭಾವ ಇದಕ್ಕೆ ತದ್ವಿರುದ್ಧ. ಸಾರ್ವಜನಿಕ ಉದ್ಯಾನದಲ್ಲಿ ಮಾಲಿ. ಉಗುರ ಸಂದಿಯಲ್ಲಿ ಸದಾ ಮಣ್ಣು. ಗಿಡದಿಂದ ಕಿತ್ತ ಹಣ್ಣನ್ನು ಅಂಗಿಗೆ ಒರೆಸಿ ಕಚ್ಚುವ ಆಸಾಮಿ. ಮಾತು ಕಡಿಮೆ, ಬಾಯಲ್ಲಿ ಬೆರಳಿಟ್ಟರೂ ಕಚ್ಚಲಾರದ ಮನುಷ್ಯ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುವಂಥ ಜೋಡಿ, ಆದರೂ ಗಾಡಿ ಹೇಗೋ ಸಾಗಿತ್ತು.

ಕ್ರಿಮಿ ಎಂದರೆ ಅಕ್ಕನಿಗೆ ಅಷ್ಟು ಹಗೆ ಏಕೆಂದು ಗೊತ್ತಾದ ಮೇಲೆ ನಾನು ರೇಗಿಸುವುದನ್ನು ಕಡಿಮೆ ಮಾಡಿದೆ. ನಾನು ಈ ಮನೆಗೆ ಬರುವುದಕ್ಕೂ ಮೊದಲು ಅವರಿಗೊಂದು ಹೆಣ್ಣುಮಗು ಇತ್ತು. ಆಗಷ್ಟೇ ಎರಡೆರಡು ಮಾತು ಜೋಡಿಸುತ್ತಿತ್ತಂತೆ. ವಾಂತಿ, ಭೇದಿ, ಸುಡುವ ಜ್ವರ. ನಾಳೆ ಕಡಿಮೆಯಾಗುತ್ತದೆ ಎಂದು ಕಾದರು. ಕರೆದುಕೊಂಡು ಹೋದಾಗ ಅಲ್ಲಿದ್ದ ಡಾಕ್ಟರು "ನಿನ್ನೆಯೇ ಬಂದು ಔಷಧಿ ಬಿದ್ದಿದ್ದರೆ" ಎಂದು ಒಂದು ಮಾತು ಅಂದುಬಿಟ್ಟರಂತೆ. ಆ 'ನಿನ್ನೆ' ಅಕ್ಕನ ಎದೆಯಲ್ಲಿ ಮುಳ್ಳಾಗಿ ಉಳಿಯಿತು. ಅದಾದ ಮೇಲೆಯೇ ಅವಳು ಆ ಕೆಲಸಕ್ಕೆ ಸೇರಿದ್ದು. ಅಲ್ಲಿಂದ ಈಚೆಗೆ ಈ ಮನೆಯಲ್ಲಿ ಯಾವ ಕಾಯಿಲೆಗೂ ನಾಳೆಯವರೆಗೆ ಕಾಯುವ ಮಾತೇ ಇರಲಿಲ್ಲ.

ಅಂದರೆ ಮಾತ್ರೆ. ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಒಂದು ತಗಡಿನ ಡಬ್ಬಿ, ಅದರ ತುಂಬ ಆಂಟಿಬಯೋಟಿಕ್. ಬೀದಿ ಮೂಲೆಯ ಔಷಧಿ ಅಂಗಡಿಯವನಿಗೆ ಅಕ್ಕ ಆಸ್ಪತ್ರೆಯವಳು, ಚೀಟಿ ಗೀಟಿ ಕೇಳುತ್ತಿರಲಿಲ್ಲ. ಒಬ್ಬರು ಸೀನಿದರೆ ಸಾಕು, ಮನೆಯವರೆಲ್ಲ ಸಾಲಾಗಿ ಕೈ ಒಡ್ಡಬೇಕು. ಕೆಂಪು ಹಳದಿ ಕ್ಯಾಪ್ಸೂಲ್ ಅಂಗೈಯಲ್ಲಿಟ್ಟು, ಲೋಟ ಕೊಟ್ಟು, ಬಾಯಿಗೆ ಹಾಕಿಕೊಳ್ಳುವವರೆಗೆ ಎದುರಿಗೇ ನಿಲ್ಲುತ್ತಿದ್ದಳು. ತಾನು ತೆಗೆದುಕೊಂಡಿದ್ದಕ್ಕಂತೂ ಲೆಕ್ಕವಿಲ್ಲ. ಹೊಟ್ಟೆ ತೊಳಸಿದರೆ ಒಂದು, ಗಂಟಲು ಕೆರೆದರೆ ಒಂದು. ತನ್ನಿಂದ ಯಾರಿಗೂ ಏನೂ ಅಂಟಬಾರದು ಎನ್ನುವುದೇ ಅವಳ ಹಟ.

ಇಂಥವಳ ಹೊಟ್ಟೆಯೇ ಕೈಕೊಟ್ಟಿತು. ಮೊದಲು ಬರೀ ಭೇದಿ ಎಂದುಕೊಂಡು ಮಾತ್ರೆ ನುಂಗಿದಳು. ನಿಲ್ಲಲಿಲ್ಲ. ಇನ್ನಷ್ಟು ನುಂಗಿದಳು. ಆಮೇಲೆ ರಕ್ತ ಶುರುವಾಯಿತು. ಕೊಳವೆ ಹಾಕಿ ನೋಡಿ, ದೊಡ್ಡ ಕರುಳಿನ ಒಳಮೈಯೆಲ್ಲ ಹುಣ್ಣು, ಇದು ಬಂದು ಹೋಗುವ ಕಾಯಿಲೆಯಲ್ಲ, ಬಂದು ಕೂರುವ ಕಾಯಿಲೆ ಎಂದರು. ಒಂದಾದ ಮೇಲೊಂದು ಔಷಧಿ ಬದಲಾಯಿತು. ಮುಖ ಊದಿ ಕುಂಬಳಕಾಯಿಯಾಯಿತು, ಕೈಕಾಲು ಕಡ್ಡಿಯಾದವು. ನೆಲಮಾಳಿಗೆಯಲ್ಲಿ ಗಂಟು ಕಟ್ಟುತ್ತಿದ್ದವಳು ಅರ್ಧಕ್ಕೇ ಬಿಟ್ಟು ಓಡುವ ಹಾಗಾಗಿ, ಕೊನೆಗೆ ರಜೆ ಹಾಕಿ ಮನೆ ಸೇರಿದಳು. ನಾನು ಹೊಲಿಯುವುದು, ಹಾಸಿಗೆ ಒಗೆಯುವುದು, ಮತ್ತೆ ಹೊಲಿಯುವುದು. ನಿಜ ಹೇಳುತ್ತೇನೆ, ಒಗೆಯುವಾಗ ಅಯ್ಯೋ ಪಾಪ ಎನ್ನುವುದಕ್ಕೂ ಒಂದು ಶಕ್ತಿ ಬೇಕು. ಅದೂ ನನ್ನಲ್ಲಿ ಮುಗಿಯುತ್ತಾ ಬಂದಿತ್ತು.

ಕೊನೆಗೆ ಶಸ್ತ್ರಚಿಕಿತ್ಸೆಯವರು ಕಡ್ಡಿ ಮುರಿದ ಹಾಗೆ ಹೇಳಿದರು. ಈ ತಿಂಗಳು ನೋಡುವುದು. ಹಿಡಿತಕ್ಕೆ ಬರದಿದ್ದರೆ ದೊಡ್ಡ ಕರುಳನ್ನೇ ತೆಗೆದು, ಹೊಟ್ಟೆಗೆ ತೂತು ಮಾಡಿ ಚೀಲ ಕಟ್ಟುವುದು. ಚೀಲ ಕಟ್ಟಿಕೊಂಡು ಎಷ್ಟೋ ಜನ ಚೆನ್ನಾಗಿಯೇ ಬದುಕುತ್ತಾರೆ ಎಂದೂ ಹೇಳಿದರು. ಆದರೆ ಅಕ್ಕನಿಗೆ ಆ ಮಾತು ಕಿವಿಗೇ ಬೀಳಲಿಲ್ಲ. "ಮಲದ ಚೀಲ ಸೊಂಟಕ್ಕೆ ಕಟ್ಕೊಂಡು ನಾನು ಆ ಕೋಣೆಗೆ ಹೇಗೆ ಹೋಗ್ಲೇ? ಕತ್ತರಿ ಮುಟ್ಟಕ್ಕೆ ನನಗೇ ಮನಸ್ಸು ಬರಲ್ಲ" ಎಂದು ದಾರಿಯುದ್ದಕ್ಕೂ ಅದನ್ನೇ ಹೇಳಿದಳು. ಅವಳಿಗೆ ಪ್ರಾಣಕ್ಕಿಂತ ಆ ಕೋಣೆ ದೊಡ್ಡದಾಗಿತ್ತು.

ಹೊಟ್ಟೆಯ ಕಾಯಿಲೆ ನೋಡುವ ಡಾಕ್ಟರಮ್ಮ ಇನ್ನೊಂದು ದಾರಿ ಇದೆ ಎಂದಾಗ ನಾವು ಮೂವರೂ ಎದುರಿಗೆ ಕೂತಿದ್ದೆವು.

"ಕರುಳಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇರ್ತಾವೆ ಅಮ್ಮ. ಎಲ್ಲ ಕೆಟ್ಟವಲ್ಲ. ಕರುಳಿನ ಒಳಮೈಯನ್ನ ಕಾಯೋದು, ತಿಂದದ್ದನ್ನ ಪಳಗಿಸೋದು, ದೇಹ ಸುಮ್ಮಸುಮ್ಮನೆ ತನ್ನ ಮೇಲೆ ತಾನೇ ಯುದ್ಧಕ್ಕೆ ನಿಲ್ಲದ ಹಾಗೆ ನೋಡ್ಕೊಳ್ಳೋದು, ಎಲ್ಲದರಲ್ಲೂ ಅವಕ್ಕೆ ಪಾಲಿದೆ. ನಿಮ್ಮ ಕರುಳಲ್ಲಿ ಒಳ್ಳೇವು ತುಂಬಾ ಕಡಿಮೆ ಆಗಿವೆ."

"ನಾನು ನುಂಗಿದ ಮಾತ್ರೆಯಿಂದಾನಾ?" ಅಕ್ಕನ ದನಿ ಕೇಳಿಸಿದ್ದೇ ಹೆಚ್ಚು.

"ಅದೊಂದೇ ಅಂತ ನಾನು ಹೇಳಲ್ಲ. ಹುಟ್ಟಿನಿಂದ ಬಂದಿದ್ದೂ ಇರುತ್ತೆ, ಗೊತ್ತಾಗದ್ದೂ ಇರುತ್ತೆ. ಆದ್ರೆ ಬೇಕಿಲ್ಲದೆ ತಗೊಂಡ ಆಂಟಿಬಯೋಟಿಕ್ ಒಳ್ಳೇವನ್ನೂ ಕೊಲ್ಲುತ್ತೆ. ಬೇಕಾದಾಗ ಅದೇ ಜೀವ ಉಳಿಸುತ್ತೆ, ಅದೂ ನಿಜ."

ದಾರಿ ಇಷ್ಟೇ. ಆರೋಗ್ಯವಂತರ ಮಲವನ್ನು ಪರೀಕ್ಷೆ ಮಾಡಿ, ಸೋಸಿ, ಅದರೊಳಗಿನ ಒಳ್ಳೆಯ ಬ್ಯಾಕ್ಟೀರಿಯಾ ಸಮೇತ ಅಕ್ಕನ ಕರುಳಿಗೆ ಬಿಡುವುದು. ಇನ್ನೂ ಪ್ರಯೋಗದ ಹಂತ, ಎಲ್ಲರಿಗೂ ಹಿಡಿಯುವುದಿಲ್ಲ, ಹಿಡಿಯದವರೇ ಹೆಚ್ಚು ಎಂದರು. ನಾನು ಬಾಯಿ ತಡೆಯಲಾರದೆ, "ಅಂದ್ರೆ ಹಾಲಿಗೆ ಹೆಪ್ಪು ಹಾಕಿದ ಹಾಗಾ?" ಎಂದೆ. ಡಾಕ್ಟರಮ್ಮ ನಕ್ಕು, "ಹೆಚ್ಚು ಕಡಿಮೆ ಹಾಗೇ" ಎಂದರು. ಅಕ್ಕ ನನ್ನ ತೊಡೆಗೆ ಚಿವುಟಿದಳು. ಅವಳ ಮುಖ ನೋಡಬೇಕಿತ್ತು. ಜೀವಮಾನವಿಡೀ ಕ್ರಿಮಿ ಕೊಂದವಳಿಗೆ ಇನ್ನೊಬ್ಬರ ಹೊಟ್ಟೆಯ ಕ್ರಿಮಿ ದಾನ!

"ಇಲ್ಲಿ ದಾನಿಗಳದ್ದು ಶೇಖರಿಸಿ ಇಡೋ ವ್ಯವಸ್ಥೆ ಇಲ್ಲ. ಮನೆಯವರೇ ಆಗ್ಬೇಕು. ಒಂದೇ ಷರತ್ತು, ಈಚೆಗೆ ಮೂರು ತಿಂಗಳು ಅವರು ಆಂಟಿಬಯೋಟಿಕ್ ಮುಟ್ಟಿರಬಾರದು. ಯಾರಿದ್ದೀರಿ?"

ನಾನು ಭಾವನ ಮುಖ ನೋಡಿದೆ. ಭಾವ ನೆಲ ನೋಡಿದರು. ಅಕ್ಕನೇ ಉತ್ತರ ಕೊಟ್ಟಳು. ಬೆನ್ನು ನೆಟ್ಟಗೆ ಮಾಡಿಕೊಂಡು, ಆ ಕಪ್ಪು ಗೆರೆಯ ಪಟ್ಟಿ ತೋರಿಸುವಾಗಿನ ಗತ್ತಿನಲ್ಲೇ ಹೇಳಿದಳು. "ಯಾರೂ ಆಗಲ್ಲ ಡಾಕ್ಟ್ರೇ. ಹೋದ ತಿಂಗಳು ಮನೇಲಿ ಜ್ವರ ಬಂದಿತ್ತು. ಇವಳಿಗೆ, ಇವಳ ಗಂಡನಿಗೆ, ನಮ್ಮನೆಯವರಿಗೆ, ಎಲ್ರಿಗೂ ನಾನೇ ಕೈಯಾರೆ ಕೊಟ್ಟಿದ್ದೀನಿ. ನನ್ನ ಮನೇಲಿ ಯಾರೂ ಒಂದು ಹೊತ್ತಿಂದೂ ತಪ್ಪಿಸಲ್ಲ."

ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಏನೆಂದು ಅವಳಿಗೆ ಹೊಳೆಯಿತು. ಬೆನ್ನು ಹಾಗೇ ಬಾಗಿತು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಮೂರು ತಿಂಗಳು ಕಾಯೋಣ ಎಂದರೆ ಶಸ್ತ್ರಚಿಕಿತ್ಸೆಯವರು ಒಪ್ಪುವುದಿಲ್ಲ, ಅಷ್ಟು ರಕ್ತ ಅವಳಲ್ಲಿ ಉಳಿದಿಲ್ಲ ಎಂದರು. ಭಾವ ಕೆಮ್ಮಿದರು, ಏನೋ ಹೇಳುವವರಂತೆ ಬಾಯಿ ತೆರೆದು ಉಗುಳು ನುಂಗಿಕೊಂಡರು. ನಾವು ಬಸ್ಸು ಹತ್ತಿ ಮನೆಗೆ ಬಂದೆವು.

ಆ ವಾರ ಮನೆಯಲ್ಲಿ ಚಿಲಕದ್ದೇ ಮಾತು. ಖಟ್. ಖಟ್. ನನಗೂ ರೋಸಿಹೋಗಿತ್ತು. ಒಂದು ಮಧ್ಯಾಹ್ನ ಅಕ್ಕ ಮಲಗಿದ್ದಲ್ಲಿಂದಲೇ, "ಕೈ ತೊಳೆಯೋ ತೊಟ್ಟಿ ಪಕ್ಕದ ಆ ಕುಂಡ ಎತ್ತಿ ಬಿಸಾಕೇ, ಬರೀ ಸೊಳ್ಳೆ" ಎಂದಳು. ಊರ ಗಿಡವನ್ನೆಲ್ಲ ಚಿಗುರಿಸುವ ಭಾವನ ಮನೆಯಲ್ಲಿ ಅದೊಂದು ಗಿಡ ಮಾತ್ರ ವರ್ಷಗಳಿಂದ ಸೊರಗಿಕೊಂಡೇ ಇತ್ತು. ಕುಂಡವನ್ನು ಹಿತ್ತಲಿಗೆ ಒಯ್ದು ಬೋರಲು ಹಾಕಿದೆ. ಮಣ್ಣು ಹೆಂಟೆಯಾಗಿ ಬಿತ್ತು. ಬೇರಿನ ಸಂದಿಯಲ್ಲಿ ಕೆಂಪು ಹಳದಿ ಸಿಪ್ಪೆಗಳು. ಕೆಲವು ಕರಗಿ ಅಂಟಾಗಿದ್ದವು, ಮೇಲಿನವು ಇನ್ನೂ ಬಣ್ಣ ಬಿಟ್ಟಿರಲಿಲ್ಲ. ಕೆಳಗೆಲ್ಲ ಬಿಳಿ ಗಂಟು ಗಂಟು.

ನನಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಮಾತ್ರೆ ಬಾಯಿಗೆ ಹಾಕಿಕೊಂಡ ಕೂಡಲೇ ಆ ತೊಟ್ಟಿಗೆ ಹೋಗುತ್ತಿದ್ದವರು ಭಾವ ಒಬ್ಬರೇ ಎಂದು ಹೊಳೆದ ಮೇಲೆ ಮೈಯೆಲ್ಲ ಉರಿಯಿತು.

ಭಾವ ಕೆಲಸ ಮುಗಿಸಿ ಬರುವುದನ್ನೇ ಕಾದು ಹಿತ್ತಲಿಗೆ ಕರೆದೆ. ಮಣ್ಣು ತೋರಿಸಿದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಹೆಬ್ಬೆರಳು ನೋಡಿಕೊಂಡರು.

"ಒಂದಾದ್ರೂ ನುಂಗಿದ್ದೀರಾ ಭಾವ?"

"ಇಲ್ಲಮ್ಮ."

"ಹೋದ ತಿಂಗಳಿಂದು?"

"ಅದೂ ಇಲ್ಲೇ ಇದೆ ನೋಡು. ಕೆನ್ನೆ ಒಳಗೆ ಇಟ್ಕೊಳ್ತಿದ್ದೆ. ಬಾಯಿ ಮುಕ್ಕಳಿಸೋ ನೆಪದಲ್ಲಿ ಬಂದು ಉಗುಳಿ, ಹೆಬ್ಬೆರಳಲ್ಲಿ ಮಣ್ಣಿಗೆ ಒತ್ತಿಬಿಡ್ತಿದ್ದೆ. ಮದುವೆಗೂ ಮೊದ್ಲು ಒಂದ್ಸಲ ತಗೊಂಡಿದ್ದೆ, ಆ ಮಾತ್ರೆ ನನ್ನ ಮೈಗೆ ಆಗಲ್ಲ, ಹೊಟ್ಟೆ ಉರಿಯುತ್ತೆ."

"ಮತ್ತೆ ಅವತ್ತು ಡಾಕ್ಟರ ಮುಂದೆ ಬಾಯಿಗೇನಾಗಿತ್ತು? ಅಲ್ಲಿ ಅವಳು ಕರುಳು ಕಳ್ಕೊಳ್ತಾ ಕೂತಿದ್ದಾಳೆ, ನೀವಿಲ್ಲಿ ಉಗುಳು ನುಂಗ್ತಾ ಕೂತಿದ್ದೀರಾ!" ನಾನು ಹಿಂದೆಂದೂ ಭಾವನ ಎದುರು ದನಿ ಏರಿಸಿದವಳಲ್ಲ. ಅವತ್ತು ಏರಿಸಿದೆ.

ಅವರು ಆ ಹೆಂಟೆಯನ್ನು ಕೈಯಲ್ಲಿ ಪುಡಿ ಮಾಡುತ್ತಾ ಹೇಳಿದರು. "ಮಗು ಹೋದ್ಮೇಲೆ ಅವಳು ಅನ್ನ ಬಿಟ್ಟಿದ್ಲು. ಮೊದಲನೇ ಸಲ ಎದ್ದು ಅಡುಗೆಮನೆಗೆ ಬಂದಿದ್ದೇ ನಾನು ಕೆಮ್ಮಿದೆ ಅಂತ. ಮಾತ್ರೆ ಕೊಟ್ಟು, ನಾನು ಬಾಯಿಗೆ ಹಾಕ್ಕೊಂಡಿದ್ದು ನೋಡಿ, ಆಮೇಲೆ ತಾನು ಉಂಡ್ಲು. ನಾನು ನೆಟ್ಟಗಿರೋದು ತಾನು ಕೊಟ್ಟ ಮಾತ್ರೆಯಿಂದ ಅಂತ ಅಂದ್ಕೊಂಡೇ ಇಷ್ಟು ವರ್ಷ ಬದುಕಿದ್ದಾಳಮ್ಮ. ಅದನ್ನೇ ಕಿತ್ಕೊಂಡ್ರೆ ಅವಳಿಗೆ ಇನ್ನೇನಿದೆ?"

ನನ್ನ ಸಿಟ್ಟು ಎಲ್ಲಿ ಹೋಯಿತೋ. ಆದರೂ ಹೇಳಿದೆ. "ಕರುಳು ಇರುತ್ತೆ ಭಾವ. ಅದಾದ್ರೂ ಇರ್ಲಿ."

ಅವರು ಕೈ ತೊಳೆದುಕೊಂಡು ಒಳಗೆ ಹೋದರು. ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತೆ. ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಭಾವ ಸುತ್ತಿ ಬಳಸಿ ಹೇಳುವವರಲ್ಲ, ಇದ್ದದ್ದನ್ನು ಇದ್ದ ಹಾಗೇ ಹೇಳಿದರು. ಅಕ್ಕ ಕೂಗಾಡಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

"ಮಗು ಹೋದ್ಮೇಲೆ ಕೊಟ್ಟಿದ್ದೂ?"

"ಹೂಂ. ಅದೂ ನುಂಗ್ಲಿಲ್ಲ."

ಅವಳು ಎದ್ದು ಬಾತ್‌ರೂಮಿಗೆ ಹೋದಳು. ಖಟ್. ಹೊರಗೆ ಬಂದಾಗ ಮುಖ ತೊಳೆದುಕೊಂಡಿದ್ದಳು. ಭಾವನನ್ನು ದಾಟಿ ನನ್ನ ಕಡೆ ನೋಡಿ, "ಹಾಗಾದ್ರೆ ನಾನು ಇಷ್ಟು ವರ್ಷ ಕಾದಿದ್ದು ಏನನ್ನೇ?" ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಡಾಕ್ಟ್ರಿಗೆ ಫೋನ್ ಮಾಡು. ನಿಮ್ಮ ಭಾವನ ಕೈಲಿ ಆಗುತ್ತಂತೆ ಅಂತ ಹೇಳು" ಎಂದಳು.

ಭಾವನ ರಕ್ತ, ಮಲ ಎಲ್ಲ ಪರೀಕ್ಷೆಗೆ ಹೋಯಿತು. ಎಲ್ಲ ಚೊಕ್ಕ. ಇಂಥ ದಾನಿ ಸಿಗುವುದು ಅಪರೂಪ ಎಂದರಂತೆ ಡಾಕ್ಟರಮ್ಮ. ಮಣ್ಣುಗೈಯಲ್ಲಿ ಹಣ್ಣು ತಿನ್ನಬೇಡಿ ಎಂದು ಯಾವ ಹೊಟ್ಟೆಯನ್ನು ಅಕ್ಕ ವರ್ಷಗಟ್ಟಲೆ ಬೈದಿದ್ದಳೋ, ಈಗ ಅದೇ ಬೇಕಾಯಿತು. ಮೊದಲ ಸಲ ಕೊಳವೆಯಲ್ಲಿ, ಆಮೇಲೆ ವಾರವಾರ ಎನಿಮಾದಲ್ಲಿ. ಪ್ರತಿ ಮಂಗಳವಾರ ಬೆಳಿಗ್ಗೆ ಭಾವ ಆಸ್ಪತ್ರೆ ಕೊಟ್ಟ ಡಬ್ಬಿ ಹಿಡಿದು ಬಾತ್‌ರೂಮಿಗೆ ಹೋದರೆ ಮನೆಯೆಲ್ಲ ಉಸಿರು ಬಿಗಿ ಹಿಡಿದು ಕಾಯುತ್ತಿತ್ತು. ಪರೀಕ್ಷೆ ಬರೆಯಲು ಹೋದ ಮಗನನ್ನು ಕಾಯುವ ಹಾಗೆ. "ಆಯ್ತಾ ಭಾವ?" ಎಂದು ನಾನು ಕೂಗುವುದು, "ಅವಸರ ಮಾಡಿದ್ರೆ ಬರುತ್ತೇನಮ್ಮ?" ಎಂದು ಅವರು ಒಳಗಿನಿಂದ ಗೊಣಗುವುದು. ಇದನ್ನೆಲ್ಲ ಯಾರ ಹತ್ತಿರ ಹೇಳಿಕೊಂಡು ನಗುವುದು?

ಅಕ್ಕ ಮಾತ್ರ ನಗಲಿಲ್ಲ. ಗಂಡನ ಜೊತೆ ಮಾತನ್ನೇ ಬಿಟ್ಟಿದ್ದಳು. ಆ ಡಬ್ಬಿ ಬೇಕು, ಗಂಡ ಬೇಡ. "ನಿಮ್ಮ ಭಾವಂಗೆ ಊಟಕ್ಕೆ ಬರಕ್ಕೆ ಹೇಳು", "ನಿಮ್ಮ ಭಾವಂಗೆ ಛತ್ರಿ ಒಯ್ಯಕ್ಕೆ ಹೇಳು". ಇಬ್ಬರ ನಡುವೆ ಟಪಾಲಿನವಳಾಗಿ ನಾನು. "ಅಕ್ಕ, ಹೊಟ್ಟೆಗೆ ಹಾಕ್ಕೊಂಡು ಬಿಡು, ಆಗಿದ್ದಾಯ್ತು" ಎಂದರೆ, "ಸುಳ್ಳು ಹೇಳಿದ್ದಕ್ಕಲ್ಲ ಕಣೇ ಸಿಟ್ಟು. ನಾನು ಕೊಡದಿದ್ರೂ ಇವರು ಬದುಕ್ತಿದ್ರಲ್ಲ, ಅದಕ್ಕೆ" ಎಂದಳು.

ಮೊದಲೆರಡು ವಾರ ಏನೂ ಆಗಲಿಲ್ಲ. ಚಿಲಕ ಬೀಳುತ್ತಲೇ ಇತ್ತು. ಆಮೇಲೆ ರಕ್ತ ಒಂದು ದಿನ ಬಿಟ್ಟು ಒಂದು ದಿನವಾಯಿತು. ತಿಂಗಳ ಕೊನೆಗೆ ಶಸ್ತ್ರಚಿಕಿತ್ಸೆಯವರು ಸಂಶಯದಲ್ಲೇ, "ಇನ್ನೂ ಸ್ವಲ್ಪ ದಿನ ನೋಡೋಣ" ಎಂದರು. ಗೆದ್ದೆವು ಎನ್ನುವ ಹಾಗಿಲ್ಲ, ಸೋತೆವು ಎನ್ನುವ ಹಾಗೂ ಇಲ್ಲ. ಈಗ ವಾರ ತಪ್ಪಬಾರದು ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು.

ಅಷ್ಟರಲ್ಲೇ ಭಾವ ಜ್ವರ ತಂದುಕೊಂಡರು. ಉದ್ಯಾನದಲ್ಲಿ ನೀರಿನ ಪೈಪು ಒಡೆದು, ದಿನವಿಡೀ ನೆನೆದುಕೊಂಡು ಕೆಲಸ ಮಾಡಿದ್ದರಂತೆ. ಸಂಜೆ ಬರುವಾಗಲೇ ನಡುಗುತ್ತಿದ್ದರು. ಮಲಗಿಸಿ ಹೊದಿಸಿದೆವು. ಹಣೆ ಮುಟ್ಟಿದರೆ ಸುಡುತ್ತಿತ್ತು.

ಅಕ್ಕ ಅಡುಗೆಮನೆಗೆ ಹೋದಳು. ತಗಡಿನ ಡಬ್ಬಿ ತೆರೆದ ಸದ್ದಾಯಿತು. ನಾನು ಹಿಂದೆಯೇ ಓಡಿದೆ. ಕ್ಯಾಪ್ಸೂಲಿನ ಪಟ್ಟಿ ಕೈಯಲ್ಲಿ ಹಿಡಿದು ನಿಂತಿದ್ದಳು. "ಅಕ್ಕ, ಬೇಡ" ಎಂದೆ. ಡಾಕ್ಟರಮ್ಮನಿಗೆ ಫೋನ್ ಹಚ್ಚಿ ಅವಳ ಕಿವಿಗೇ ಕೊಟ್ಟೆ. ಜ್ವರ ಎಷ್ಟಿದೆ, ಉಸಿರಾಟ ಹೇಗಿದೆ ಎಂದೆಲ್ಲ ಕೇಳಿದರು. ಶೀತಜ್ವರದ ಹಾಗಿದೆ, ಇದಕ್ಕೆ ಆಂಟಿಬಯೋಟಿಕ್ ಬೇಕಿಲ್ಲ, ಜ್ವರದ ಮಾತ್ರೆ ಸಾಕು, ನೀರು ಕೊಡಿ, ಉಸಿರಾಡೋದು ಕಷ್ಟವಾದರೆ ತಕ್ಷಣ ಕರೆತನ್ನಿ, ನಾಳೆ ಹೇಗೂ ನೋಡೋಣ ಎಂದರು.

ನಾಳೆ. ಆ ಮಾತು ಕೇಳಿ ಅಕ್ಕನ ಮುಖ ಬಿಳಿಚಿಕೊಂಡಿತು. ಕೈಯಲ್ಲಿದ್ದ ಪಟ್ಟಿ ಬಿಡದೆ ಗಂಡನ ಹಾಸಿಗೆಯ ಪಕ್ಕಕ್ಕೆ ಹೋಗಿ ಕೂತಳು.

ಭಾವ ಕಣ್ಣು ತೆರೆದು ಆ ಪಟ್ಟಿ ನೋಡಿದರು. ಅಂಗೈ ಒಡ್ಡಿದರು. "ಕೊಡೇ. ಈ ಸಲ ನಿಜವಾಗ್ಲೂ ನುಂಗ್ತೀನಿ. ಬೇಕಾದ್ರೆ ಬಾಯಿ ತೆರೆದು ತೋರಿಸ್ತೀನಿ."

ನುಂಗಿದರೆ ಅವಳ ಚಿಕಿತ್ಸೆ ನಿಂತಂತೆ ಎನ್ನುವುದು ಅವರಿಗೆ ಗೊತ್ತಿಲ್ಲದ್ದೇನಲ್ಲ. ಅವಳ ಹೆದರಿಕೆ ಕಂಡು ಒಡ್ಡಿದ ಕೈ ಅದು. ಇಷ್ಟು ವರ್ಷ ಒಡ್ಡಿದ್ದೂ ಅದಕ್ಕೇ.

"ಬೇಡ ರೀ." ಎಷ್ಟೋ ವಾರಗಳ ಮೇಲೆ ಅವಳ ಬಾಯಿಂದ ಅವರಿಗೆ ಬಂದ ಮೊದಲ ಮಾತು. ಪಟ್ಟಿಯನ್ನು ನನ್ನ ಕಡೆ ಚಾಚಿ, "ತಗೊಂಡು ಹೋಗೇ ಇದನ್ನ, ನನ್ನ ಕೈಗೆ ಸಿಗದ ಕಡೆ ಇಡು" ಎಂದಳು. ಆಮೇಲೆ ಅವರ ಒಡ್ಡಿದ ಅಂಗೈಯಲ್ಲಿ ತನ್ನ ಕೈ ಇಟ್ಟಳು. "ಪಾಪೂಗೂ ಹೀಗೇ ಸುಡ್ತಿತ್ತು. ನಾಳೆ ನೋಡೋಣ ಅಂದಿದ್ದು ನಾನೇ ರೀ. ಇವತ್ತೂ ನಾನೇ ಕಾಯ್ತಾ ಕೂತಿದ್ದೀನಿ. ನೀವು ಎಲ್ಲೂ ಹೋಗ್ಬೇಡಿ."

"ಎಲ್ಲಿಗೆ ಹೋಗ್ಲಿ? ಮಂಗಳವಾರ ಡಬ್ಬಿ ಕೊಡೋದಿದೆಯಲ್ಲ" ಎಂದರು ಭಾವ.

ಅಕ್ಕ ಅಳುತ್ತಲೇ ನಕ್ಕಳು. ಒದ್ದೆ ಬಟ್ಟೆ ಬದಲಿಸುತ್ತಾ, ಹಣೆ ಮುಟ್ಟಿ ನೋಡುತ್ತಾ, ಗುಟುಕು ಗುಟುಕಾಗಿ ನೀರು ಕುಡಿಸುತ್ತಾ ಅಲ್ಲೇ ಕೂತಳು. ನಾನು ಪಕ್ಕದ ಕೋಣೆಯಲ್ಲಿ ತೋಳು ಬಿಚ್ಚಿದ ರವಿಕೆಯೊಂದನ್ನು ಹೊಲಿಯುತ್ತಾ ಅವಳ ಕಡೆ ಒಂದು ಕಿವಿ ಇಟ್ಟಿದ್ದೆ. ಹೊಲಿದು ಮುಗಿಯಿತು. ಅಡುಗೆಯೂ ಆಯಿತು. ಊಟಕ್ಕೆ ಕರೆಯಲು ಹೋದಾಗ ಭಾವ ಬೆವತು ಮಲಗಿದ್ದರು, ಉಸಿರು ಸರಾಗವಾಗಿತ್ತು. ಅಕ್ಕ ಅದೇ ಜಾಗದಲ್ಲಿ, ಅದೇ ಕೈ ಹಿಡಿದುಕೊಂಡು ಕೂತಿದ್ದಳು. ಆಗಷ್ಟೇ ನನಗೆ ಗಮನಕ್ಕೆ ಬಂತು, ಸಂಜೆಯಿಂದ ಆ ಚಿಲಕ ಒಂದು ಸಲವೂ ಬಿದ್ದಿರಲಿಲ್ಲ.

"ಅಕ್ಕ," ಎಂದೆ, "ನೀನು ಆಗಿಂದ ಎದ್ದೇ ಇಲ್ಲ."

ಅವಳು ನನ್ನನ್ನು ನೋಡಿದಳು, ತನ್ನ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿಕೊಂಡಳು. "ಶ್, ಮೆಲ್ಲಗೆ ಮಾತಾಡೇ," ಎಂದಳು, "ಇವರಿಗೆ ಈಗ ತಾನೇ ನಿದ್ದೆ ಹತ್ತಿದೆ."